ಕಾರವಾಜ್ಜೊ ಎಸೆದ ತಟ್ಟೆ

ರೋಮ್‌ನ ಸಾನ್ ಲುಯಿಜಿ ದೇಯ್ ಫ್ರಾಂಚೇಸಿ ಚರ್ಚಿನಲ್ಲಿ ಡಬ್ಬಿಗೆ ನಾಣ್ಯ ಹಾಕಿದರೆ ದೀಪ ಹತ್ತುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಆರುತ್ತದೆ. ಮಂಗಳಾರತಿಯ ಬೆಳಕಿನಲ್ಲಿ ಮೂರ್ತಿ ಹೊಳೆದು ಮರೆಯಾಗುವುದನ್ನು ನೋಡುತ್ತಲೇ ಬೆಳೆದ ನನ್ನಂಥ ಹಾಸನದವನಿಗೆ ಇದೇನೂ ಹೊಸದಲ್ಲ. ಆ ಬೆಳಕಿನಲ್ಲಿ ಕಾಣುವುದು ಸುಂಕದ ಮೇಜಿನ ಮುಂದೆ ಕುಳಿತ ಮತ್ತಾಯ, ಶಿಷ್ಯನಾಗು ಬಾ ಎಂದು ಅವನತ್ತ ಕೈ ಚಾಚಿದ ಯೇಸು. 1600ರಲ್ಲಿ ಇಟಲಿಯ ಚಿತ್ರಕಾರ ಕಾರವಾಜ್ಜೊ ಬರೆದು ಮುಗಿಸಿದ ಚಿತ್ರ.

ಇದೇ ಕಾರವಾಜ್ಜೊ 1604ರ ಏಪ್ರಿಲ್‌ನಲ್ಲಿ ಊಟದ ಮನೆಯೊಂದರ ಮಾಣಿಯ ಮುಖಕ್ಕೆ ತಟ್ಟೆ ಎಸೆದ. ತಟ್ಟೆಯಲ್ಲಿದ್ದದ್ದು ಎಂಟು ಆರ್ಟಿಚೋಕ್ ಎಂಬ ಹೂಮೊಗ್ಗಿನಂಥ ತರಕಾರಿ; ನಾಲ್ಕು ಬೆಣ್ಣೆಯಲ್ಲಿ ಬೆಂದವು, ನಾಲ್ಕು ಎಣ್ಣೆಯಲ್ಲಿ. ಯಾವುದು ಯಾವುದೆಂದು ಕೇಳಿದ್ದಕ್ಕೆ ಮಾಣಿ ಮೂಸಿ ನೋಡಿದನಂತೆ. ಮೂಸಿದ್ದನ್ನು ಬಡಿಸಿದರೆ ನಮ್ಮಲ್ಲೂ ಕೋಪ ಬರುತ್ತಿತ್ತು ಎನ್ನಿ. ಈತ ಕತ್ತಿಗೂ ಕೈಹಾಕಿದ ಎಂದು ಮಾಣಿ ದೂರು ಕೊಟ್ಟ. ಆ ದೂರನ್ನು ಇಲ್ಲಿ ರೋಮ್‌ನವರು ಇಂದಿಗೂ ಜೋಪಾನ ಮಾಡಿದ್ದಾರೆ. ಹಿಂದಿನ ವರ್ಷ ಬಾಲ್ಯೋನೆ ಎಂಬ ಚಿತ್ರಕಾರ ಈತನ ಮೇಲೆ ಹೂಡಿದ್ದ ಮಾನನಷ್ಟದ ಮೊಕದ್ದಮೆಯ ಕಡತವೂ ಹಾಗೆಯೇ.

ನಮ್ಮ ಬೇಲೂರಿನಲ್ಲಿ ಬಳ್ಳಿಗಾವೆಯ ಶಿಲ್ಪಿ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ಎದುರಾಳಿ ಶಿಲ್ಪಿಗಳ ಸೊಕ್ಕು ಮುರಿಯುವವನೆಂಬ ಧಾಟಿಯ ಬಿರುದುಗಳೂ ಆ ಕಾಲದ ಕಲ್ಲಿನಲ್ಲಿವೆ. ಎಂದಮೇಲೆ ಅವರೊಳಗೂ ಜಗಳವಿತ್ತು. ಆದರೆ ನಾವು ಉಳಿಸಿಕೊಂಡದ್ದೇನು? ತಪ್ಪು ಒಪ್ಪಿ ತನ್ನ ಕೈಯನ್ನೇ ಕಡಿದುಕೊಂಡ ಜಕಣಾಚಾರಿಯ ಕಥೆ. ಕಥೆ ನನಗೂ ಇಷ್ಟ. ಆದರೂ ದಾಸೋಜನ ಮೇಲೆ ಯಾವನಾದರೊಬ್ಬ ಅಂಗಡಿಯವನು ಕೊಟ್ಟ ದೂರಿನ ಓಲೆ ಸಿಗುವುದಾದರೆ ಅಂಥ ಹತ್ತು ಕಥೆಗಳನ್ನು ಬಿಟ್ಟುಕೊಡುತ್ತೇನೆ.

ಹಾಗೆಂದು ಇಲ್ಲಿನವರ ರೀತಿಯೆಲ್ಲ ನನಗೆ ಒಪ್ಪಿಗೆಯೇನಲ್ಲ. 1606ರ ಮೇ 28ರಂದು ಕಾರವಾಜ್ಜೊ ರನುಚ್ಚೊ ತೊಮಸೋನಿ ಎಂಬವನನ್ನು ಕೊಂದ. ಮರಣದಂಡನೆ ತಪ್ಪಿಸಿಕೊಂಡು ನೇಪಲ್ಸ್‌ಗೆ, ಅಲ್ಲಿಂದ ಮಾಲ್ಟಾಕ್ಕೆ ಓಡಿದ. 1608ರಲ್ಲಿ ಅಲ್ಲಿ ನೈಟ್ ಪದವಿ ಸಿಕ್ಕಿತು, ಅದೇ ವರ್ಷ ಸೆರೆಮನೆಯೂ ಆಯಿತು, ಅಲ್ಲಿಂದಲೂ ಪರಾರಿ. ಆತ ಸಹಿ ಹಾಕಿದ ಒಂದೇ ಚಿತ್ರ ಮಾಲ್ಟಾದಲ್ಲಿದೆ. ತಲೆ ಕಡಿಯಲು ಕೆಡವಿದ ಸಂತ ಯೋಹಾನನ ರಕ್ತದಲ್ಲಿ ಆ ಸಹಿ. 1610ರಲ್ಲಿ, 38ನೇ ವಯಸ್ಸಿಗೆ ಸತ್ತ. ಪ್ರವಾಸಿಗಳಿಗೆ ಇದನ್ನೆಲ್ಲ ಹೇಳುವ ಗೈಡುಗಳು ಕೊಲೆಯನ್ನು ಒಗ್ಗರಣೆಯಂತೆ ಚಟಪಟಗುಟ್ಟಿಸುತ್ತಾರೆ. ಕೊಲೆ ಮಾಡಿದ್ದರಿಂದಲೇ ಅವನಿಗೆ ಚಿತ್ರಗಳಲ್ಲಿನ ಆ ಕತ್ತಲು ಬರೆಯಲು ಬಂತು ಎನ್ನುವವರೂ ಇದ್ದಾರೆ. ಶುದ್ಧ ಅಸಂಬದ್ಧ. ಅದೇ ಕತ್ತಲಿರುವ ಮತ್ತಾಯನ ಚಿತ್ರ ಕೊಲೆಗಿಂತ ಆರು ವರ್ಷ ಹಿಂದಿನದು.

ಅಮ್ಮ ಬಂದಾಗ ಸಮೀಪದ ಸಾಂತ್ ಅಗೊಸ್ತೀನೊ ಚರ್ಚಿಗೆ ಕರೆದೊಯ್ದಿದ್ದೆ. ಅಲ್ಲಿ ಮಾತೆ ಮರಿಯಳ ಮುಂದೆ ಮೊಣಕಾಲೂರಿದ ಇಬ್ಬರು ಬಡ ಯಾತ್ರಿಕರನ್ನು ಆತ ಬರೆದಿದ್ದಾನೆ. ಗಂಡಸಿನ ಕೊಳೆಯಾದ ಅಂಗಾಲು ನೋಡುವವರ ಮುಖಕ್ಕೇ ಬರುತ್ತದೆ. ಆ ಕಾಲಕ್ಕೆ ಅದೇ ದೊಡ್ಡ ಗುಲ್ಲಾಗಿತ್ತು. ಬರೆದವನು ಕೊಲೆಗಾರ ಎಂದು ನಾನು ಹೇಳುತ್ತಿದ್ದರೆ ಅಮ್ಮ ಆ ಅಂಗಾಲನ್ನೇ ನೋಡುತ್ತಿದ್ದಳು.

“ಧರ್ಮಸ್ಥಳಕ್ಕೆ ನಡೆದು ಹೋದವರ ಕಾಲೂ ಹೀಗೇ ಆಗುತ್ತದೆ” ಎಂದಳು. ಸ್ವಲ್ಪ ತಡೆದು, “ಅವನು ಯಾರನ್ನು ಕೊಂದದ್ದು? ಸತ್ತವನಿಗೆ ಮಕ್ಕಳಿದ್ದರೇ?” ಎಂದು ಕೇಳಿದಳು. ಅಷ್ಟು ವರ್ಷ ಇಲ್ಲಿದ್ದರೂ ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ.