ನಾರಿಲ್ಲದ ಬೀನ್ಸ್ ಕುಲಾಂತರಿಯಲ್ಲ

‘ನಾರಿಲ್ಲದ ಬೀನ್ಸ್ ಕುಲಾಂತರಿ (ಪ್ರಯೋಗಾಲಯದಲ್ಲಿ ವಂಶವಾಹಿ ಬದಲಿಸಿದ ತಳಿ), ಅದರ ಬೀಜ ಮತ್ತೆ ಹುಟ್ಟುವುದಿಲ್ಲ’ ಎಂಬ ಸಂದೇಶ ಕೈತೋಟದವರ ಗುಂಪುಗಳಿಗೆ ಮತ್ತೆ ಮತ್ತೆ ಬರುತ್ತದೆ. ಮನೆಮಂದಿಯ ಆರೋಗ್ಯದ ಕಾಳಜಿಯಿಂದಲೇ ಕಳಿಸುತ್ತಾರೆ, ನಿಜ. ಆದರೆ ಎರಡೂ ಮಾತು ತಪ್ಪು.

ನಾರಿಲ್ಲದ ತಳಿಗಳು 19ನೇ ಶತಮಾನದ ಕೊನೆಯ ಹೊತ್ತಿಗೇ ಅಮೆರಿಕದಲ್ಲಿ ಬಂದಿದ್ದವು. ಕುಲಾಂತರಿ ತಂತ್ರಜ್ಞಾನ ಆಗ ಹುಟ್ಟಿರಲೇ ಇಲ್ಲ. ನಮ್ಮ ನಾರಿಲ್ಲದ ತಳಿ ಅರ್ಕಾ ಸುವಿಧಾ ಕೂಡ ಎರಡು ತಳಿಗಳನ್ನು ಮಾಮೂಲಿಯಾಗಿ ಸಂಕರಿಸಿ, ಆರಿಸಿ ಬೆಳೆಸಿದ ಗಿಡ ಬೀನ್ಸ್. ಬೀನ್ಸ್ ಹೂವು ಬಹುತೇಕ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ಹಾಗಾಗಿ ಎತ್ತಿಟ್ಟ ಬೀಜದಿಂದಲೂ ಸಾಮಾನ್ಯವಾಗಿ ಅದೇ ತಳಿ ಬರುತ್ತದೆ, ಬಳ್ಳಿ ಬೀನ್ಸಿನಲ್ಲೂ ಅಷ್ಟೇ.

ನೀವೇ ನೋಡಬಹುದು. ನಾಲ್ಕೈದು ಕಾಯಿಗಳನ್ನು ಕೀಳದೆ ಗಿಡದಲ್ಲೇ ಬಿಡಿ. ಸಿಪ್ಪೆ ಒಣಗಿ, ಅಲ್ಲಾಡಿಸಿದರೆ ಗಲಗಲ ಎನ್ನುವಾಗ ಬಿಡಿಸಿ, 10 ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಒಂದು ವಾರದೊಳಗೆ ಮೊಳಕೆ ಕಾಣುತ್ತದೆ. ಬಿತ್ತಿ ಬೆಳೆದ ಕಾಯಿಯ ತುದಿ ಮುರಿದು ಎಳೆದರೆ ನಾರಿನ ವಿಷಯವೂ ತಿಳಿಯುತ್ತದೆ.

ಪೊಟ್ಟಣದ ಬೀಜದ ಗುಲಾಬಿ ಬಣ್ಣ ಕಂಡು ಕೆಲವರು ಗಾಬರಿಯಾಗುತ್ತಾರೆ. ಅದು ಸಾಮಾನ್ಯವಾಗಿ ಶಿಲೀಂಧ್ರನಾಶಕದ ಲೇಪ. ಅಂಥ ಬೀಜ ತಿನ್ನಬಾರದು, ಬಿತ್ತಿದ ಮೇಲೆ ಕೈ ತೊಳೆದುಕೊಳ್ಳಿ.