ಹಂಪಿಯನ್ನು ಓದಲು ಎಷ್ಟು ಶಾಸ್ತ್ರ ಬೇಕು?

ಚರ್ಚೆಯ ಪ್ರಶ್ನೆ: ಕಲೆ, ಇತಿಹಾಸ ಮತ್ತು ಸಮಾಜವಿಜ್ಞಾನಗಳನ್ನು ಬೆಸೆಯುವ ಅಂತರ್‌ಶಿಸ್ತೀಯ ಅಧ್ಯಯನವೇ ನಮ್ಮ ಸಂಶೋಧನೆಯ ಮುಖ್ಯ ದಾರಿಯಾಗಬೇಕೇ?

ಪರ: ರಾಯನ ಟೋಪಿ ಯಾವ ವಿಭಾಗಕ್ಕೆ ಸೇರಿದ್ದು?

ತಿರುಮಲೆಯ ದೇವಾಲಯದಲ್ಲಿ ಕೃಷ್ಣದೇವರಾಯನ ಲೋಹದ ಪ್ರತಿಮೆ ಇದೆ. ಜೊತೆಯಲ್ಲಿ ರಾಣಿಯರಾದ ತಿರುಮಲಾದೇವಿ, ಚಿನ್ನಾದೇವಿ. ಮೂವರೂ ಕೈಮುಗಿದು ನಿಂತಿದ್ದಾರೆ. ಕ್ಯಾಲೆಂಡರ್ ಚಿತ್ರಗಳು ನಮಗೆ ರೂಢಿ ಮಾಡಿಸಿದ ಕಿರೀಟ ಆ ತಲೆಯ ಮೇಲಿಲ್ಲ, ಎತ್ತರದ ಟೋಪಿಯೊಂದಿದೆ. ಲೇಪಾಕ್ಷಿಯ ವೀರಭದ್ರ ದೇವಾಲಯದ ಚಾವಣಿಯಲ್ಲಿ, 16ನೇ ಶತಮಾನದ ವರ್ಣಚಿತ್ರಗಳಲ್ಲಿ, ಇಂಥದೇ ಟೋಪಿ ಇಟ್ಟು, ಉದ್ದನೆಯ ಬಿಳಿ ಅಂಗಿ ತೊಟ್ಟ ಗಂಡಸರು ಸಾಲುಗಟ್ಟಿ ನಿಂತಿದ್ದಾರೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ರಾಯನನ್ನು ಕಂಡ ದಿನದ ಉಡುಪನ್ನೂ ಬರೆದಿಟ್ಟಿದ್ದಾನೆ: ಚಿನ್ನದ ಗುಲಾಬಿಗಳ ಕಸೂತಿ ಇರುವ ಬಿಳಿಯ ಬಟ್ಟೆ, ಕೊರಳಲ್ಲಿ ವಜ್ರ, ತಲೆಗೆ ಜರಿಯ ಟೋಪಿ, ಬರಿಗಾಲು. ಇನ್ನೊಂದು ಕಡೆ, 14ನೇ ಶತಮಾನದ ನಡುವಿನಿಂದಲೇ ವಿಜಯನಗರವನ್ನು ಮೊದಲು ಆಳಿದ ಸಂಗಮ ವಂಶದ ಶಾಸನಗಳಲ್ಲಿ ‘ಹಿಂದೂರಾಯ ಸುರತ್ರಾಣ’ ಎಂಬ ಬಿರುದು ಕಾಣಿಸುತ್ತದೆ. ಹಿಂದೂ ರಾಜರ ನಡುವೆ ಸುಲ್ತಾನ ಎಂದು ರಾಜನೊಬ್ಬ ತನ್ನನ್ನು ತಾನೇ ಕರೆದುಕೊಂಡಿದ್ದಾನೆ.

ಈಗ ನಮ್ಮ ವಿಶ್ವವಿದ್ಯಾಲಯಗಳ ನಕ್ಷೆಯನ್ನು ನೋಡಿ. ಪ್ರತಿಮೆ ಕಲಾ ಇತಿಹಾಸಕ್ಕೆ, ಪಾಯೆಸ್ ಇತಿಹಾಸಕ್ಕೆ, ಬಿರುದು ಶಾಸನಶಾಸ್ತ್ರಕ್ಕೆ, ಉಡುಪು ಮಾನವಶಾಸ್ತ್ರಕ್ಕೆ ಅಥವಾ ಜಾನಪದಕ್ಕೆ. ನಾಲ್ಕೂ ಕಡೆ ಪ್ರಬಂಧಗಳು ಬರುತ್ತಲೇ ಇರುತ್ತವೆ. ಒಬ್ಬರದು ಇನ್ನೊಬ್ಬರ ಕಣ್ಣಿಗೆ ಬೀಳುವುದಿಲ್ಲ. 1996ರಲ್ಲಿ ಅಮೆರಿಕದ ವಿದ್ವಾಂಸ ಫಿಲಿಪ್ ವ್ಯಾಗನರ್ ಈ ನಾಲ್ಕನ್ನೂ ಒಂದೇ ಮೇಜಿನ ಮೇಲಿಟ್ಟು ಓದಿದರು. ವಿಜಯನಗರದ ಅರಸರು ತಮ್ಮ ಧರ್ಮವನ್ನು ಬಿಡದೆಯೇ, ಅಂದಿನ ವಿಶಾಲ ಇಸ್ಲಾಮೀ ಜಗತ್ತಿನ ಆಸ್ಥಾನ ಸಂಸ್ಕೃತಿಯಲ್ಲಿ ತಾವೂ ಸಮಾನರೆಂದು ತೋರಿಸಿಕೊಳ್ಳಲು ಆ ಉಡುಪನ್ನೂ ಆ ಬಿರುದನ್ನೂ ಬೇಕೆಂದೇ ಆರಿಸಿಕೊಂಡರು ಎಂಬುದು ಅವರ ವಾದ. ಎರಡು ಧರ್ಮಗಳ ನಡುವಿನ ಕೋಟೆಗೋಡೆಯೆಂದು ಶತಮಾನ ಕಾಲ ನಮಗೆ ಪಾಠ ಹೇಳಿದ ಸಾಮ್ರಾಜ್ಯದ ಚಿತ್ರವೇ ಒಂದು ಟೋಪಿಯಿಂದ ಬದಲಾಯಿತು. ಹಂಪಿಯ ಕಮಲ ಮಹಲಿನ ಕಮಾನುಗಳ ಮೇಲೆ ದೇವಾಲಯದ ಶಿಖರಗಳನ್ನು ಹೋಲುವ ಮಾಡು ಏಕಿದೆ ಎಂಬುದೂ ಆಗ ಅರ್ಥವಾಗತೊಡಗುತ್ತದೆ. ಶಾಸನವನ್ನಷ್ಟೇ ಓದುವವರಿಗೆ ಬಿರುದು ಒಂದು ಆಡಂಬರದ ಮಾತಾಗಿ ಉಳಿಯುತ್ತಿತ್ತು. ಶಿಲ್ಪವನ್ನಷ್ಟೇ ನೋಡುವವರಿಗೆ ಟೋಪಿ ಒಂದು ಶೈಲಿಯಾಗಿ ಉಳಿಯುತ್ತಿತ್ತು.

ಬರವಣಿಗೆಯೇ ಇಲ್ಲದವರ ಪ್ರಶ್ನೆ ನನಗೆ ಇನ್ನೂ ದೊಡ್ಡದು. ಶಾಸನಗಳನ್ನು ಬರೆಸಿದವರು ಅರಸರು, ದಂಡನಾಯಕರು, ದೇವಾಲಯಗಳು, ವರ್ತಕ ಸಂಘಗಳು. ಅವುಗಳಲ್ಲಿ ಕೆರೆ, ಕಾಲುವೆ, ಗದ್ದೆಗಳ ಮಾತು ಬೇಕಾದಷ್ಟಿದೆ. ಮಳೆಯನ್ನೇ ನಂಬಿ ಜೋಳ, ರಾಗಿ ಬೆಳೆದವನ ಮಾತು ಇಲ್ಲವೆನ್ನುವಷ್ಟು ಕಡಿಮೆ. 1980ರ ದಶಕದ ಕೊನೆಯಿಂದ ಪುರಾತತ್ವಜ್ಞೆಯರಾದ ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ ರಾಜಧಾನಿಯ ಸುತ್ತಲಿನ ಬಯಲು ಗುಡ್ಡಗಳನ್ನು ಕಾಲ್ನಡಿಗೆಯಲ್ಲಿ ಸರ್ವೆ ಮಾಡಿದರು. ಸಣ್ಣ ಒಡ್ಡುಗಳು, ಮಟ್ಟ ಮಾಡಿದ ಇಳಿಜಾರು ಹೊಲಗಳು, ಒಡೆದ ಮಡಕೆಗಳು, ಊರುಗಳ ಕುರುಹುಗಳನ್ನು ದಾಖಲಿಸಿದರು. ಮಾರಿಸನ್ ಕೆರೆಯ ತಳದ ಹೂಳಿನಲ್ಲಿ ಉಳಿದಿದ್ದ ಪರಾಗಗಳನ್ನು ಪರೀಕ್ಷಿಸಿ, ಶಾಸನಗಳ ಜೊತೆ ಹೋಲಿಸಿ, ಇಲ್ಲಿನ ಕೃಷಿ ಒಂದೇ ಗೆರೆಯಲ್ಲಿ ಬೆಳೆಯಲಿಲ್ಲ ಎಂದು ತೋರಿಸಿದರು. ಶಾಸನ ಮರೆತ ರೈತನನ್ನು ಹೂಳು ನೆನಪಿಟ್ಟುಕೊಂಡಿತ್ತು. ನೇಕಾರರಿಗೆ, ಲೋಹಗಾರರಿಗೆ ಶಾಸನಗಳಲ್ಲಿ ಹೆಸರಿದೆ. ಕುಂಬಾರರಿಗೆ ಹೆಚ್ಚೇನೂ ಇಲ್ಲ. ಆದರೆ ಹಂಪಿಯ ನೆಲದಲ್ಲಿ ಎಲ್ಲಿ ಅಗೆದರೂ ಸಿಗುವುದು ಅವರದೇ ಕೆಲಸ. ಸಾಮಾನ್ಯರ ಇತಿಹಾಸ ಬೇಕೆಂದು ನಾವು ಭಾಷಣ ಮಾಡುತ್ತೇವಲ್ಲ, ಆ ಇತಿಹಾಸ ಒಂದೇ ಶಾಸ್ತ್ರದ ಬಾಗಿಲಿನಿಂದ ಎಂದಿಗೂ ಬರುವುದಿಲ್ಲ.

ಇದು ಪಶ್ಚಿಮದಿಂದ ಬಂದ ಹೊಸ ಗೀಳು ಎನ್ನುವವರಿಗೆ ನಮ್ಮವರದೇ ಉದಾಹರಣೆಗಳಿವೆ. ಕನ್ನಡ ಕವಿಗಳ ಚರಿತ್ರೆಯನ್ನು ಬರೆದ ಆರ್. ನರಸಿಂಹಾಚಾರ್ಯರೇ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯನ್ನೂ ನಡೆಸಿದರು. ಎಂ. ಚಿದಾನಂದಮೂರ್ತಿ ಕನ್ನಡ ಅಧ್ಯಾಪಕರು. 1966ರಲ್ಲಿ ಪ್ರಕಟವಾದ ಅವರ ಶಾಸನಗಳ ಸಾಂಸ್ಕೃತಿಕ ಅಧ್ಯಯನದಲ್ಲಿ ಸಾಹಿತ್ಯ, ಇತಿಹಾಸ, ಸಮಾಜಶಾಸ್ತ್ರಗಳ ಗೆರೆ ಎಲ್ಲಿದೆ ಎಂದು ಹುಡುಕಿದರೂ ಸಿಗುವುದಿಲ್ಲ. ಇತಿಹಾಸಕಾರ ಷ. ಶೆಟ್ಟರ್ ಹೊಯ್ಸಳ ಶಿಲ್ಪಗಳ ಕೆಳಗೆ ಶಿಲ್ಪಿಗಳು ಕೊರೆದ ಸಹಿಗಳನ್ನು ಓದಿ, ದೇವಾಲಯದಿಂದ ಆಚೆಗೆ ಶಿಲ್ಪಿಯ ಬದುಕಿಗೆ ಹೋದರು. ವೀರಗಲ್ಲುಗಳ ಬಗ್ಗೆ 1982ರಲ್ಲಿ ಅವರು ಗುಂಟರ್ ಸೊಂಥೈಮರ್ ಜೊತೆ ಸಂಪಾದಿಸಿದ ಸಂಪುಟದಲ್ಲಿ ಹಲವು ಶಾಸ್ತ್ರಗಳ ವಿದ್ವಾಂಸರು ಒಟ್ಟಿಗೆ ಕುಳಿತಿದ್ದಾರೆ. ಆತಕೂರಿನ ಕಲ್ಲನ್ನು ನೆನೆಸಿಕೊಳ್ಳಿ. 10ನೇ ಶತಮಾನದ ಆ ಕಲ್ಲಿನಲ್ಲಿ ಕಾಳಿ ಎಂಬ ನಾಯಿಯ ಮತ್ತು ಹಂದಿಯ ಕಾಳಗವಿದೆ, ಗಂಗ ಬೂತುಗನ ರಾಜಕಾರಣವಿದೆ, ಅವನ ಸೇವಕ ಮನಲೆರನ ಸ್ವಾಮಿನಿಷ್ಠೆಯಿದೆ. ಈ ಮೂರನ್ನು ಬೇರೆ ಬೇರೆ ಮಾಡಿದರೆ ಕಲ್ಲು ಮೂಕವಾಗುತ್ತದೆ.

ಕೊನೆಯದಾಗಿ, ಇಂದು ಬದುಕಿರುವವರ ವಿಷಯ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಆನೆಗೊಂದಿಯ ಸೇತುವೆಯ ಕಾಮಗಾರಿಯ ಗದ್ದಲದಲ್ಲಿ 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು. 2011ರ ಜುಲೈನಲ್ಲಿ ವಿರೂಪಾಕ್ಷ ದೇವಾಲಯದ ಎದುರಿನ ಬಜಾರಿನ ಮಂಟಪಗಳಲ್ಲಿ, ಅವುಗಳ ಸುತ್ತ ಮನೆ ಅಂಗಡಿ ಮಾಡಿಕೊಂಡಿದ್ದವರನ್ನು ತೆರವುಗೊಳಿಸಲಾಯಿತು. ಕಂಬಗಳ ಮೇಲಿನ ಕೆತ್ತನೆಯನ್ನು ನೋಡುವವರಿಗೆ ಅದು ಒತ್ತುವರಿ. ದೇವರ ಜಾತ್ರೆ, ವ್ಯಾಪಾರ, ವಾಸ ಸೇರಿದ ಬೀದಿಯನ್ನು ನೋಡುವವರಿಗೆ ಅದು ಜೀವಂತ ಊರು. ಎರಡೂ ನೋಟಗಳಲ್ಲಿ ಸತ್ಯವಿದೆ. ಅವು ಬುಲ್ಡೋಜರ್ ಬರುವುದಕ್ಕೆ ಬಹಳ ಮುಂಚೆಯೇ, ಒಂದೇ ಸಂಶೋಧನೆಯೊಳಗೆ, ಪರಸ್ಪರ ಜಗಳವಾಡಬೇಕಿತ್ತು. ಆದ್ದರಿಂದ ನಾನು ಕೇಳುವುದು ಸ್ಪಷ್ಟ: ಇಬ್ಬರು ಬೇರೆ ವಿಭಾಗದ ಮಾರ್ಗದರ್ಶಕರ ಕೆಳಗೆ ಪಿಎಚ್.ಡಿ. ಮಾಡುವುದು ಸಹಜವಾಗಲಿ, ಹಾಗೆ ಮಾಡಿದ ವಿದ್ಯಾರ್ಥಿ ಅಧ್ಯಾಪಕ ಹುದ್ದೆಗೆ ಅರ್ಜಿ ಹಾಕಿದಾಗ ‘ನಿಮ್ಮದು ನಮ್ಮ ವಿಷಯವಲ್ಲ’ ಎಂದು ಎರಡೂ ವಿಭಾಗಗಳು ಬಾಗಿಲು ಮುಚ್ಚುವುದು ನಿಲ್ಲಲಿ.

ವಿರೋಧ: ಮೊದಲು ಒಂದು ಶಾಸ್ತ್ರವಾದರೂ ಕೈವಶವಾಗಲಿ

ಮೇಲಿನ ಬರಹದಲ್ಲಿ ಹೆಸರಿಸಿದವರ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅವರೆಲ್ಲರಲ್ಲೂ ಸಮಾನವಾಗಿರುವ ಒಂದು ಸಂಗತಿಯನ್ನು ಆ ಬರಹ ದಾಟಿ ಹೋಗಿದೆ. ವ್ಯಾಗನರ್ ಟೋಪಿಯ ಬಗ್ಗೆ ಬರೆಯುವ ಮೊದಲು ‘ರಾಯವಾಚಕಮು’ ಎಂಬ ತೆಲುಗು ಗದ್ಯಕೃತಿಯನ್ನು ಇಂಗ್ಲಿಷಿಗೆ ತಂದವರು. ಚಿದಾನಂದಮೂರ್ತಿಯವರಿಗೆ ಹಳಗನ್ನಡ ಉಸಿರಿನಷ್ಟೇ ಸಲೀಸಾಗಿತ್ತು. ಮಾರಿಸನ್ ಪರಾಗವನ್ನು ತಾವೇ ಓದಬಲ್ಲ ಪುರಾತತ್ವಜ್ಞೆ. ಇವರು ಒಂದು ಶಾಸ್ತ್ರದಲ್ಲಿ ಆಳಕ್ಕೆ ಇಳಿದ ಮೇಲೆ, ಅದರ ಅಗತ್ಯವೇ ತಳ್ಳಿದ್ದರಿಂದ ಪಕ್ಕದ ಶಾಸ್ತ್ರಕ್ಕೆ ಹೋದರು. ಅವರು ಕೊನೆಯಲ್ಲಿ ತಲುಪಿದ ಜಾಗವನ್ನು ನಮ್ಮ ವಿದ್ಯಾರ್ಥಿಗೆ ಮೊದಲ ಮೆಟ್ಟಿಲಾಗಿ ತೋರಿಸುವುದು ನನ್ನ ಆಕ್ಷೇಪಕ್ಕೆ ಕಾರಣ.

ಬರ್ಟನ್ ಸ್ಟೈನ್ ಅವರ ಕಥೆ ಇದನ್ನು ಎಲ್ಲಕ್ಕಿಂತ ಚೆನ್ನಾಗಿ ಹೇಳುತ್ತದೆ. ಅಮೆರಿಕದ ಈ ಇತಿಹಾಸಕಾರರು 1980ರಲ್ಲಿ ಮಧ್ಯಕಾಲೀನ ದಕ್ಷಿಣ ಭಾರತದ ಬಗ್ಗೆ ದೊಡ್ಡ ಸಿದ್ಧಾಂತವೊಂದನ್ನು ಮುಂದಿಟ್ಟರು. ಚೋಳರ ರಾಜ್ಯ ಕೇಂದ್ರೀಕೃತ ಸಾಮ್ರಾಜ್ಯವಾಗಿರಲಿಲ್ಲ. ತಮ್ಮಷ್ಟಕ್ಕೆ ತಾವು ನಡೆಯುವ ‘ನಾಡು’ಗಳ ಮೇಲೆ ಅರಸನಿಗೆ ಹೆಚ್ಚಾಗಿ ಧಾರ್ಮಿಕ ವಿಧಿಗಳ ಮೂಲಕ ಒಪ್ಪಿತವಾದ ಮೇಲ್ಮೆ ಮಾತ್ರ ಇತ್ತು ಎಂದರು. ಈ ಮಾದರಿ ಅವರಿಗೆ ಸಿಕ್ಕಿದ್ದು ಮಾನವಶಾಸ್ತ್ರದಿಂದ. ಏಡನ್ ಸೌತಾಲ್ ಎಂಬ ವಿದ್ವಾಂಸ ಪೂರ್ವ ಆಫ್ರಿಕಾದ ಅಲೂರ್ ಜನರನ್ನು ಅಧ್ಯಯನ ಮಾಡಿ 1950ರ ದಶಕದಲ್ಲಿ ರೂಪಿಸಿದ ಕಲ್ಪನೆ ಅದು. ಸ್ಟೈನ್ ಅದನ್ನು ಕಾವೇರಿಯ ದಡಕ್ಕೆ ತಂದರು. ಮುಂದೆ ವಿಜಯನಗರದ ಬಗ್ಗೆ ಬರೆದಾಗಲೂ ಆ ಚೌಕಟ್ಟಿನಿಂದ ಅವರು ಪೂರ್ತಿ ಹೊರಬರಲಿಲ್ಲ. ಇತಿಹಾಸ ಮತ್ತು ಸಮಾಜವಿಜ್ಞಾನ ಕೂಡಿದರೆ ಏನಾಗಬಹುದು ಎಂಬುದಕ್ಕೆ ಆ ಕಾಲದಲ್ಲಿ ಇದಕ್ಕಿಂತ ಹೊಳೆಯುವ ಉದಾಹರಣೆ ಇರಲಿಲ್ಲ.

ಆಮೇಲೆ ಶಾಸನ ಓದುವವರು ಬಂದರು. ಇತಿಹಾಸಕಾರ್ತಿ ಚಂಪಕಲಕ್ಷ್ಮಿಯವರು ಮರುವರ್ಷವೇ ವಿವರವಾದ ವಿಮರ್ಶೆ ಬರೆದರು. ಜಪಾನಿನ ನೊಬೊರು ಕರಶಿಮಾ ಮೂಲ ತಮಿಳು ಶಾಸನಗಳನ್ನು ಹಿಡಿದೇ ಆ ಸಿದ್ಧಾಂತವನ್ನು ಪ್ರಶ್ನಿಸಿದರು. ಗಮನಿಸಬೇಕಾದದ್ದು ಏನೆಂದರೆ, ಕರಶಿಮಾ ಸಮಾಜವಿಜ್ಞಾನದ ವಿರೋಧಿಯಲ್ಲ. ವೈ. ಸುಬ್ಬರಾಯಲು ಮತ್ತು ತೋರು ಮಾತ್ಸುಯಿ ಜೊತೆ ಸೇರಿ ಅವರು ಚೋಳ ಶಾಸನಗಳಲ್ಲಿ ಬರುವ ವ್ಯಕ್ತಿನಾಮಗಳನ್ನು ಒಟ್ಟುಗೂಡಿಸಿ 1978ರಲ್ಲಿ ಮೂರು ಸಂಪುಟಗಳ ನಾಮಸೂಚಿಯನ್ನೇ ತಂದರು. ಅಧಿಕಾರಿಗಳ ಬಿರುದುಗಳು, ಭೂಒಡೆತನ, ತೆರಿಗೆಯ ಪದಗಳನ್ನು ಎಣಿಸಿ, ಕಾಲಾನುಕ್ರಮದಲ್ಲಿ ಜೋಡಿಸಿ ನೋಡಿದರು. ಅಂದರೆ ಅಂಕಿಸಂಖ್ಯೆಯ ವಿಧಾನ ಶಾಸನದ ಒಳಗಿನಿಂದಲೇ ಬೆಳೆಯಿತು. ಸ್ಟೈನ್ ಮಾದರಿಯನ್ನು ಹೊರಗಿನಿಂದ ತಂದು ಶಾಸನಕ್ಕೆ ತೊಡಿಸಿದರು. ಕರಶಿಮಾ ಶಾಸನ ಏನು ಕೇಳುತ್ತದೆಯೋ ಆ ವಿಧಾನವನ್ನು ಹುಡುಕಿದರು. ಸ್ಟೈನ್ ಅವರ ಪ್ರಶ್ನೆಗಳಿಂದ ಚರ್ಚೆ ಬೆಳೆಯಿತು, ಒಪ್ಪುತ್ತೇನೆ. ಆದರೆ ಆ ಚರ್ಚೆಯಲ್ಲಿ ಸರಿತಪ್ಪುಗಳನ್ನು ತೀರ್ಮಾನಿಸಲು ಸಾಧ್ಯವಾದದ್ದು ಹಳೆಯ ತಮಿಳನ್ನು ಅಕ್ಷರ ಬಿಡದೆ ಓದಬಲ್ಲವರು ಅಷ್ಟಿಷ್ಟು ಉಳಿದಿದ್ದರಿಂದ. ಅವರೇ ಇಲ್ಲದ ಕಾಲವನ್ನು ಊಹಿಸಿಕೊಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ.

ವಿಜಯನಗರದ ಹುಟ್ಟಿನ ಕಥೆಯೂ ಹೀಗೆಯೇ. 1336ರ ಕಾಲ ನಮೂದಿಸಿರುವ ಬಾಗೇಪಲ್ಲಿ, ಕಾಪಲೂರು ತಾಮ್ರಶಾಸನಗಳಿವೆ. ಸಾಮ್ರಾಜ್ಯದ ಸ್ಥಾಪನೆಯಲ್ಲಿ ಯತಿ ವಿದ್ಯಾರಣ್ಯರ ಪಾತ್ರದ ಬಗ್ಗೆ ಬರೆಯುವಾಗ ಹಿಂದಿನ ಕೆಲವರು ಅವನ್ನು ಆಧಾರ ಮಾಡಿಕೊಂಡಿದ್ದಾರೆ. ಅವು ಆ ಕಾಲದವಲ್ಲ, ನಂತರ ಹುಟ್ಟಿಸಿದವು ಎಂದು ಹಲವು ವಿದ್ವಾಂಸರು ವಾದಿಸಿದ್ದಾರೆ. ಈ ತೀರ್ಮಾನಕ್ಕೆ ಬೇಕಾದದ್ದು ಲಿಪಿಯ ತಿರುವು, ಭಾಷೆಯ ರೂಪ, ತಿಥಿವಾರಗಳ ಲೆಕ್ಕದಂಥ, ಮೇಲುನೋಟಕ್ಕೆ ಒಣ ಎನಿಸುವ ವಿದ್ಯೆ. ವಿರೂಪಾಕ್ಷ ದೇವಾಲಯದ ಮಂಟಪದ ಚಾವಣಿಯಲ್ಲಿ ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆಯ ಚಿತ್ರವಿದೆ. ಅದರ ಕಾಲದ ಬಗ್ಗೆ ಕಲಾ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಸಾಮ್ರಾಜ್ಯ ಅಳಿದು ಬಹಳ ಕಾಲದ ಮೇಲಿನದು ಎನ್ನುವವರೂ ಇದ್ದಾರೆ. ಸಂದೇಹಾಸ್ಪದ ತಾಮ್ರಪಟವನ್ನೂ ಕಾಲ ನಿಲ್ಲದ ಚಿತ್ರವನ್ನೂ ಬೆಸೆದು, ಅದರ ಮೇಲೆ ರಾಜಪ್ರಭುತ್ವದ ಸಮಾಜಶಾಸ್ತ್ರ ಕಟ್ಟಿದರೆ ಪ್ರಬಂಧ ನೋಡಲು ಭವ್ಯವಾಗಿರುತ್ತದೆ. ಅದನ್ನು ಪರೀಕ್ಷಿಸುವವರು ಯಾರು? ಶಾಸನತಜ್ಞರು ಚಿತ್ರದ ಭಾಗವನ್ನು ಕಲಾ ಇತಿಹಾಸಕಾರರಿಗೆ ಬಿಡುತ್ತಾರೆ, ಅವರು ಸಿದ್ಧಾಂತದ ಭಾಗವನ್ನು ಸಮಾಜಶಾಸ್ತ್ರಜ್ಞರಿಗೆ ಬಿಡುತ್ತಾರೆ. ಎಲ್ಲರೂ ಸೌಜನ್ಯದಿಂದ ಒಪ್ಪಿಗೆ ಸೂಚಿಸುತ್ತಾರೆ. ಪ್ರಬಂಧದ ಯಾವ ಪುಟವೂ ಅದನ್ನು ಬಲ್ಲವರ ಕೈಯಲ್ಲಿ ಗಟ್ಟಿಯಾಗಿ ಪರೀಕ್ಷೆಗೆ ಒಳಗಾಗಿರುವುದಿಲ್ಲ.

ಕಲೆಯ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಈ ಬೆಸುಗೆಯಲ್ಲಿ ಪ್ರತಿಸಲ ಸೋಲುವುದು ಕಲೆಯೇ. ಹಂಪಿಯ ಮಹಾನವಮಿ ದಿಬ್ಬದ ಗೋಡೆಗಳ ಮೇಲೆ ಕುದುರೆಗಳು, ಬೇಟೆ, ಕೋಲಾಟ, ಮಲ್ಲಯುದ್ಧ, ವಿದೇಶಿಯರು ಸಾಲುಸಾಲಾಗಿ ಇದ್ದಾರೆ. ಸಮಾಜವಿಜ್ಞಾನದ ಪ್ರಬಂಧಗಳಲ್ಲಿ ಇವು ಕುದುರೆ ವ್ಯಾಪಾರಕ್ಕೆ, ಮನರಂಜನೆಗೆ, ಅಧಿಕಾರ ಪ್ರದರ್ಶನಕ್ಕೆ ಸಾಕ್ಷಿಗಳಾಗಿ ಬಂದು ಹೋಗುತ್ತವೆ. ಶಿಲ್ಪಿಗೆ ತನ್ನ ಪರಂಪರೆಯಿಂದ ಬಂದ ಕಟ್ಟುಪಾಡುಗಳಿದ್ದವು. ಒಂದು ಆಕೃತಿ ಅಲ್ಲಿರುವುದು ಅವನು ಅದನ್ನು ಬೀದಿಯಲ್ಲಿ ಕಂಡದ್ದರಿಂದಲೋ, ಅಥವಾ ಹಾಗೆ ಕೆತ್ತುವುದು ಗುರುವಿನಿಂದ ಬಂದ ಕ್ರಮವಾದ್ದರಿಂದಲೋ? ಇದನ್ನು ಕೇಳಲು ನೂರಾರು ದೇವಾಲಯಗಳ ಪಟ್ಟಿಕೆಗಳನ್ನು ವರ್ಷಗಟ್ಟಲೆ ನೋಡಿ ಪಳಗಿದ ಕಣ್ಣು ಬೇಕು. ಆ ಕಣ್ಣನ್ನು ತಯಾರಿಸುವ ಪಾಠಕ್ರಮ ಸೊರಗಿದರೆ, ಉಬ್ಬುಶಿಲ್ಪವನ್ನು ಛಾಯಾಚಿತ್ರದಂತೆ ಓದುವ ತಪ್ಪು ಹೆಚ್ಚುತ್ತಾ ಹೋಗುತ್ತದೆ.

ಬಜಾರಿನ ತೆರವಿನ ಬಗ್ಗೆ ಮೇಲಿನ ಬರಹದಲ್ಲಿರುವ ನೋವು ನನ್ನದೂ ಹೌದು. ಆದರೆ ಅದು ಒಂದೇ ಮೇಜಿನಲ್ಲಿ ಇಬ್ಬರು ಸಮರ್ಥರು ಕುಳಿತು ಮಾತಾಡಬೇಕಿದ್ದ ವಿಷಯ. ಇಬ್ಬರೂ ತಮ್ಮ ತಮ್ಮ ಶಾಸ್ತ್ರದಲ್ಲಿ ಗಟ್ಟಿಗರಾಗಿದ್ದರೆ ಮಾತ್ರ ಆ ಜಗಳಕ್ಕೆ ಬೆಲೆ. ಅರ್ಧ ಪುರಾತತ್ವ, ಅರ್ಧ ಸಮಾಜಶಾಸ್ತ್ರ ಕಲಿತ ಒಬ್ಬರು ಇಬ್ಬರ ಜಾಗವನ್ನೂ ತುಂಬಲಾರರು.

ನಮ್ಮ ನಿಜವಾದ ಸ್ಥಿತಿಯನ್ನು ನೋಡಿ. ಪಾಯೆಸ್‌ನನ್ನು ನಾವು ಉದಾಹರಿಸುವುದು ಬಹುಪಾಲು ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದದ ಮೂಲಕ. ವಿಜಯನಗರ ಸೋತ 1565ರ ತಾಳಿಕೋಟೆ ಯುದ್ಧದ ಬಗ್ಗೆ ಬರೆಯುವಾಗ ಇತಿಹಾಸಕಾರ ಫೆರಿಶ್ತಾನನ್ನು ತೆಗೆದುಕೊಳ್ಳುವುದು 1829ರ ಜಾನ್ ಬ್ರಿಗ್ಸ್ ಅವರ ಇಂಗ್ಲಿಷಿನಲ್ಲಿ. ಫೆರಿಶ್ತಾ ತನ್ನ ಇತಿಹಾಸವನ್ನು ಬರೆದದ್ದು ನಮ್ಮದೇ ವಿಜಯಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ, ಪಾರಸಿಯಲ್ಲಿ. ಆ ಮೂಲವನ್ನು ತಾನೇ ಓದಿ ಕನ್ನಡದಲ್ಲಿ ಚರ್ಚಿಸಬಲ್ಲ ಇತಿಹಾಸದ ವಿದ್ಯಾರ್ಥಿ ನಮ್ಮಲ್ಲಿ ತೀರಾ ಅಪರೂಪ. ಹೊಸ ಅಂತರ್‌ಶಿಸ್ತೀಯ ಕೇಂದ್ರಕ್ಕೆ ಕಟ್ಟಡ, ನಿರ್ದೇಶಕರು, ವಿಚಾರ ಸಂಕಿರಣಗಳಿಗೆಂದು ತೆಗೆದಿಡುವ ಹಣದಲ್ಲಿ ಒಬ್ಬ ಪಾರಸಿ ಅಧ್ಯಾಪಕರನ್ನು, ಒಬ್ಬ ಪೋರ್ಚುಗೀಸ್ ಅಧ್ಯಾಪಕರನ್ನು, ಹಳಗನ್ನಡ ಮತ್ತು ಶಾಸನಲಿಪಿ ಕಲಿಸುವ ಇಬ್ಬರನ್ನು ಕಾಯಂ ಹುದ್ದೆಯಲ್ಲಿ ನೇಮಿಸಲಿ. ಪಿಎಚ್.ಡಿ.ಯ ಮೊದಲ ಎರಡು ವರ್ಷ ವಿದ್ಯಾರ್ಥಿಗಳು ಅವರ ಮುಂದೆ ಕುಳಿತು ಓದಲಿ, ಅದಕ್ಕೆ ತಕ್ಕ ಶಿಷ್ಯವೇತನ ಸಿಗಲಿ. ಮೂರನೆಯ ವರ್ಷದಲ್ಲಿ ಅವರು ಪಕ್ಕದ ವಿಭಾಗದ ಬಾಗಿಲು ತಟ್ಟಿದರೆ ನಾನು ತಡೆಯುವುದಿಲ್ಲ.