ಒಂದೇ ಡ್ರಮ್ಮಿಗೆ ಎಲ್ಲಾ ಸುರೀಬೇಡಿ

ಈಗಷ್ಟೇ ಒಂದು ಗ್ಯಾರೇಜಲ್ಲಿ ಕಣ್ಣಾರೆ ನೋಡಿದ್ದು, ಇನ್ನೂ ಹೊಟ್ಟೆ ಉರೀತಾ ಇದೆ. ಮೂಲೇಲಿ ಒಂದು ಡ್ರಮ್. ಮೊದಲು ಹಳೇ ಇಂಜಿನ್ ಆಯಿಲ್ ಬಿತ್ತು, ಅದರ ಮೇಲೆ ರೇಡಿಯೇಟರಿಂದ ಇಳಿಸಿದ, ಇಂಜಿನ್ ತಣ್ಣಗಿಡೋ ಹಸಿರು ಕೂಲೆಂಟ್, ಕೊನೆಗೆ ಪಾರ್ಟ್ಸ್ ತೊಳೆದ ಥಿನ್ನರ್. ಎಲ್ಲಾ ಅದಕ್ಕೇ!

ಆಯಿಲ್ ಹಳೇದಾಯ್ತು ಅಂದ್ರೆ ಸತ್ತೋಯ್ತು ಅಂತಲ್ಲ. ಹಾಳಾಗಿರೋದು ಅದರಲ್ಲಿನ ಅಡಿಟಿವ್, ಅಂದ್ರೆ ಎಣ್ಣೆಯ ಗುಣ ಹೆಚ್ಚಿಸೋಕೆ ಬೆರೆಸಿದ ರಾಸಾಯನಿಕ. ಸೇರಿಕೊಂಡಿರೋದು ಮಸಿ, ಲೋಹದ ಪುಡಿ, ನೀರು. ಇದನ್ನೆಲ್ಲ ತೆಗೆದರೆ ಅದೇ ಎಣ್ಣೆ ಮತ್ತೆ ಹೊಸ ಆಯಿಲಿಗೆ ಬುನಾದಿ ಆಗುತ್ತೆ. ಆದರೆ ಥಿನ್ನರ್, ಕ್ಲೋರಿನ್ ಇರೋ ಬ್ರೇಕ್ ಕ್ಲೀನರ್ ಬೆರೆತರೆ ಶುದ್ಧೀಕರಿಸೋರು ಆ ಡ್ರಮ್ ಮುಟ್ಟಲ್ಲ. ಒಂದೆರಡು ಲೀಟರ್ ಸೋಮಾರಿತನಕ್ಕೆ 200 ಲೀಟರ್ ಆಯಿಲ್ ವಿಷದ ಲೆಕ್ಕಕ್ಕೆ ಹೋಗುತ್ತೆ.

"ಬೇರೆ ಬೇರೆ ಇಡೋಕೆ ಜಾಗ ಎಲ್ಲಿದೆ, ಟೈಮ್ ಎಲ್ಲಿದೆ" ಅಂತಾರೆ. ಮುಚ್ಚಳ ಇರೋ ಮೂರು ಕ್ಯಾನಿಗೆ ಎಷ್ಟು ಜಾಗ ಬೇಕು? ಟೈರ್ ರಾಶಿಗೆ ಜಾಗ ಇದೆಯಲ್ಲ! ಈ ಮಾತನ್ನ ನಾನು ಒಪ್ಪಲ್ಲ.

ಆಯಿಲ್ ಫಿಲ್ಟರನ್ನೇ ನೋಡಿ. ಬಿಚ್ಚಿ ಹಾಗೇ ಗುಜರಿಗೆ ಎಸೀತಾರೆ, ಒಳಗೆ ಲೋಟದಷ್ಟು ಎಣ್ಣೆ ಉಳಿದಿರುತ್ತೆ, ವಾಲ್ವ್ ಅದನ್ನ ಹಿಡಿದಿಟ್ಟಿರುತ್ತೆ. ಬಿಸಿ ಆರೋ ಮುಂಚೆ ತಲೆ ಭಾಗಕ್ಕೆ ಪಂಚ್ ಇಟ್ಟು ಒಂದು ತೂತು ಹೊಡೀರಿ. ಒಳಗೆ ಗಾಳಿ ಹೋಗುತ್ತೆ, ಎಣ್ಣೆ ಬಿಡುತ್ತೆ. ಬಾಯಿ ಕೆಳಗೆ ಮಾಡಿ ಜಾಲರಿ ಮೇಲೆ ಕನಿಷ್ಠ 12 ಗಂಟೆ ಬಿಡಿ. ಸಂಜೆ ಇಟ್ಟರೆ ಬೆಳಿಗ್ಗೆಗೆ ಬರೀ ಕಬ್ಬಿಣ, ಕಾಗದ.

ಕೂಲೆಂಟ್ ಟ್ರೇ ತೆರೆದಿಟ್ಟು ಊಟಕ್ಕೆ ಹೋಗೋದಂತೂ ನೋಡೋಕಾಗಲ್ಲ. ಅದರಲ್ಲಿರೋ ಎಥಿಲೀನ್ ಗ್ಲೈಕಾಲ್ ಅನ್ನೋ ವಿಷ ಸಿಹಿಯಾಗಿರುತ್ತೆ, ನಾಯಿ ನೆಕ್ಕುತ್ತೆ, ಕಿಡ್ನಿ ಹೋಗಿ ಸಾಯುತ್ತೆ. ಮೂಕಪ್ರಾಣಿ ಏನು ತಪ್ಪು ಮಾಡಿತ್ತು?

ಬ್ರೇಕ್ ಡ್ರಮ್ಮಿಗೆ ಏರ್ ಗನ್ ಹಿಡೀಬೇಡಿ. ಹಳೇ ಲೈನರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇದ್ದರೆ ಆ ಧೂಳು ನೇರ ಶ್ವಾಸಕೋಶಕ್ಕೆ. ಒದ್ದೆ ಮಾಡಿ ಒರೆಸಿ, ಆ ಬಟ್ಟೆ ಕವರಲ್ಲಿ ಕಟ್ಟಿಡಿ. ಥಿನ್ನರ್ ಬಟ್ಟೆಗೆ ಮುಚ್ಚಳ ಇರೋ ತಗಡಿನ ಡಬ್ಬ. ಹಳೇ ಬ್ಯಾಟರಿ ನೆಟ್ಟಗೆ, ಮಳೆ ಬೀಳದ ಕಡೆ, ಪ್ಲಾಸ್ಟಿಕ್ ಟ್ರೇ ಮೇಲೆ. ಆಸಿಡ್ ಚೆಲ್ಲಿದರೆ ಅಡುಗೆ ಸೋಡಾ ಉದುರಿಸಿ, ನೊರೆ ನಿಲ್ಲೋವರೆಗೆ. ಆಮೇಲೂ ಅದರಲ್ಲಿ ಸೀಸ ಇರುತ್ತೆ, ಮೋರಿಗೆ ತೊಳೀಬೇಡಿ. ಎಣ್ಣೆ ಚೆಲ್ಲಿದರೂ ಪೈಪ್ ಹಿಡೀಬೇಡಿ. ಮರದ ಹೊಟ್ಟು ಹಾಕಿ ಗುಡಿಸಿ, ಆ ಹೊಟ್ಟೂ ಅಪಾಯದ ಕಸವೇ.

ಮತ್ತೆ ಆ ಡ್ರಮ್ ವಿಷಯ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗನಿಗೆ ಯಾವ ಕ್ಯಾನಿಗೆ ಏನು ಅಂತ ಯಾರೂ ಹೇಳಿಕೊಟ್ಟಿರಲ್ಲ. ಕ್ಯಾನಿನ ಮೇಲೇ ಪೇಂಟಲ್ಲಿ ದೊಡ್ಡದಾಗಿ ಬರೀರಿ: ಆಯಿಲ್, ಕೂಲೆಂಟ್, ಥಿನ್ನರ್. ಪ್ರತಿಯೊಂದಕ್ಕೂ ಬೇರೆ ಫನೆಲ್ ಕಟ್ಟಿಡಿ. ಕ್ಯಾನ್ ಬೇರೆ ಮಾಡಿ ಫನೆಲ್ ಒಂದೇ ಇಟ್ಟರೆ, ಬೆರಕೆ ಅಲ್ಲಿಂದಲೇ ಮತ್ತೆ ಶುರು.